ಜೇನಿಗೆ ಹೇಳಿದ ಸುಳ್ಳು

ವಿದಿ ಕಾಟೇಜ್,
ಡನ್ಸ್‌ಹೋಪ್, ಹೆರೆಫರ್ಡ್‌ಶೈರ್
ಶುಕ್ರವಾರ, 15 ಸೆಪ್ಟೆಂಬರ್ 1989

ಪ್ರೀತಿಯ ತಮ್ಮ ಸಿರಿಲ್,

ಹೇಗಿದ್ದೀಯ? ಕಾಗದದ ಮೊದಲ ಸಾಲಿನಲ್ಲಿ ಈ ಪ್ರಶ್ನೆಯನ್ನು ಜೀವಮಾನದಲ್ಲಿ ಸಾವಿರ ಸಲವಾದರೂ ಬರೆದಿರಬೇಕು. ಉತ್ತರ ಬೇಕೇ ಬೇಕು ಎಂದು ಬರೆಯುತ್ತಿರುವುದು ಇದೇ ಮೊದಲು. ಬಲಮೊಣಕಾಲಿನ ನೋವು ಹೇಗಿದೆ? ಕೆಮ್ಮು? ಸ್ಕಾರ್‌ಬರೋದ ಸಮುದ್ರದ ಗಾಳಿ ನಿನ್ನ ಎದೆಗೆ ಹಿಡಿಸುವುದಿಲ್ಲ ಎಂದು ಅಮ್ಮ ಬಡಿದುಕೊಂಡಳು, ನೀನು ಯಾರ ಮಾತು ಕೇಳಿದವನು! ಉಣ್ಣೆಯ ಒಳಬನಿಯನ್ ಹಾಕಿಕೊಳ್ಳುತ್ತಿದ್ದೀಯೋ ಇಲ್ಲವೋ? ಬೆಳಿಗ್ಗೆ ಓಟ್ಸ್ ಗಂಜಿಗೆ ಇನ್ನೂ ಅಷ್ಟೊಂದು ಉಪ್ಪು ಸುರಿದುಕೊಳ್ಳುತ್ತೀಯಾ? ಅರವತ್ತೆರಡು ವರ್ಷದ ಗಂಡಸಿಗೆ ಹೀಗೆಲ್ಲ ಕೇಳಬಾರದು, ಗೊತ್ತು. ಆದರೆ ನಿನಗಿಂತ ನಾಲ್ಕು ವರ್ಷ ಮುಂಚೆ ಹುಟ್ಟಿದ್ದಕ್ಕೆ ನನಗೆ ಸಿಕ್ಕಿರುವ ಹಕ್ಕು ಇದೊಂದೇ, ಬಿಡುವುದಿಲ್ಲ.

ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಮೈಗೇನೂ ಆಗಿಲ್ಲ. ಮನಸ್ಸಿನ ಕ್ಷೇಮ ನಿನ್ನ ಕೈಯಲ್ಲಿದೆ, ಯಾಕೆಂದು ಕೆಳಗೆ ಬರೆಯುತ್ತೇನೆ. ಮೂರು ಕ್ರಿಸ್‌ಮಸ್‌ಗೆ ನಿನಗೆ ಕಾರ್ಡು ಕಳಿಸಿದೆ, ಮೂರಕ್ಕೂ ಮರುಕಾರ್ಡು ಬರಲಿಲ್ಲ. ಎರಡು ವರ್ಷ ಕಾರ್ಡು ಕಳಿಸದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದು ಅಮ್ಮನ ಪದ್ಧತಿ. ನಾನು ಪೆನ್ಸಿಲ್ ಹಿಡಿದುಕೊಂಡು ಕೂತಿದ್ದೆ, ಹೊಡೆಯಲು ಆಗಲಿಲ್ಲ. ಈ ಕಾಗದವನ್ನು ಹಿಂದಿನವುಗಳ ಹಾಗೆ ಕಪಾಟಿಗೆ ಎಸೆಯಬೇಡ. ಕೊನೆಯವರೆಗೆ ಓದು, ನಿನ್ನ ದಮ್ಮಯ್ಯ.

ಮೇಲಿನ ವಿಳಾಸ ನೋಡಿ ಹುಬ್ಬು ಗಂಟಿಕ್ಕಿರುತ್ತೀಯ. ಹೌದು, ಮತ್ತೆ ಇಲ್ಲಿಗೆ ಬಂದಿದ್ದೇನೆ. ಮನೆಯೊಡತಿ ಮಿಸೆಸ್ ಪ್ರೀಸ್ ಪ್ರತಿ ಜನವರಿಯಲ್ಲೂ ಒಂದೇ ಸಾಲಿನ ಕಾಗದ ಹಾಕುತ್ತಾಳಲ್ಲ, "ಈ ಸಲವೂ ನಿಮ್ಮ ವಾರ ನಿಮಗೇ ಇಡಲಾ?" ಅಂತ. ಎರಡು ವರ್ಷ ಬೇಡವೆಂದು ಬರೆದಿದ್ದೆ. ಈ ಜನವರಿಯಲ್ಲಿ ಯಾಕೋ ಇಡಿ ಎಂದು ಬರೆದುಬಿಟ್ಟೆ; ಯಾರು ಯಾರು ಬರುತ್ತೇವೆ ಎಂದು ಬರೆಯಲಿಲ್ಲ. ಹದಿನೆಂಟು ವರ್ಷ ಅಮ್ಮ, ನೀನು, ನಾನು ಸೆಪ್ಟೆಂಬರಿನ ಎರಡನೇ ಶನಿವಾರ ಮಧ್ಯಾಹ್ನ ಈ ಬಾಗಿಲಿಗೆ ಬಂದು ನಿಂತವರು. ಬಾಡಿಗೆಗೆ ತೆಗೆದುಕೊಂಡ ಮನೆ, ಅದೂ ವರ್ಷಕ್ಕೆ ಒಂದೇ ವಾರ, ಆದರೂ ಕಿಡ್ಡರ್‌ಮಿನ್‌ಸ್ಟರಿನ ನಮ್ಮ ಸ್ವಂತ ಮನೆಗಿಂತ ಇದೇ ನನಗೆ ಕನಸಿನಲ್ಲಿ ಬರುತ್ತದೆ.

ಏನೂ ಬದಲಾಗಿಲ್ಲ. ನೀನು ಪ್ರತಿ ವರ್ಷ ಮೊದಲ ದಿನವೇ ಹಣೆ ಬಡಿಸಿಕೊಂಡು ಮನೆಯವರನ್ನೆಲ್ಲ ಬೈಯುತ್ತಿದ್ದ ತೊಲೆ ಬಾಗಿಲ ಒಳಗೆ ಹಾಗೇ ಇದೆ. ಬಾಡಿಗೆಯವರಿಗೆಂದು ಮಿಸೆಸ್ ಪ್ರೀಸ್ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ ಹಾಳೆಯೂ ಅದೇ: ಕಸ ಗುರುವಾರ ಹೊರಗಿಡಿ, ಬಿಸಿನೀರು ಬಾರದಿದ್ದರೆ ಬಾಯ್ಲರಿಗೆ ಎಡಗಡೆಯಿಂದ ಒಂದು ಗುದ್ದು ಕೊಡಿ, ನಿಮ್ಮ ಮನೆಯಲ್ಲಿ ಹುಟ್ಟು, ಮದುವೆ, ಸಾವು ಏನಾದರೂ ಆದರೆ ತೋಟದ ಜೇನಿಗೆ ಹೇಳದೆ ಹೋಗಬೇಡಿ. ನಾವು ಮೊದಲ ವರ್ಷ ಇದನ್ನು ಓದಿ ಎಷ್ಟು ನಕ್ಕಿದ್ದೆವು! ಆಮೇಲೆ ನಿನಗೇ ಜೇನಿನ ಹುಚ್ಚು ಹಿಡಿಯಿತು. ವಾರವಿಡೀ ಮಿಸೆಸ್ ಪ್ರೀಸ್ ಹಿಂದೆ ಮುಖಕ್ಕೆ ಬಲೆ ಕಟ್ಟಿಕೊಂಡು ಓಡಾಡಿದೆ, ಮೂರನೇ ಪೆಟ್ಟಿಗೆಯನ್ನು ನಿನ್ನ ಕೈಯಾರೆ ಮಾಡಿಕೊಟ್ಟೆ. ಅದು ಇನ್ನೂ ಸೇಬಿನ ಮರದ ಕೆಳಗೆ ನೆಟ್ಟಗೆ ನಿಂತಿದೆ. ಮುಚ್ಚಳ ಗಾಳಿಗೆ ಹಾರದಿರಲೆಂದು ನೀನಿಟ್ಟ ಚಪ್ಪಟೆ ಕಲ್ಲೂ ಇದೆ. ಬಾಗಿಲ ಪಕ್ಕದಲ್ಲಿ ನೀನು ಪ್ರತಿ ವರ್ಷ ಇಲ್ಲೇ ಬಿಟ್ಟುಹೋಗುತ್ತಿದ್ದ ಹಸಿರು ರಬ್ಬರ್ ಬೂಟುಗಳಿದ್ದವು. ನಾನು ಬಂದ ದಿನ ನೀನು ಇಡುವ ಹಾಗೆಯೇ ಇದ್ದವು, ಮೂತಿ ಹೊರಗಡೆಗೆ. "ಹೊರಡೋಕೆ ರೆಡಿ ಇರ್ಬೇಕು, ಒಳಗೆ ಬರೋಕೇನು ಅವಸರ" ಅನ್ನುತ್ತಿದ್ದೆಯಲ್ಲ.

ಈಗ ನನ್ನ ತಪ್ಪಿನ ಕಥೆ. ಶನಿವಾರ ನಾಲ್ಕು ಗಂಟೆಗೆ ಮಿಸೆಸ್ ಪ್ರೀಸ್ ಎಂದಿನಂತೆ ಚಹಾದ ತಟ್ಟೆ ಹಿಡಿದು ಬಂದಳು. ಮೂರು ಬಟ್ಟಲು, ಮೂರು ತುಂಡು ಪ್ಲಮ್ ಕೇಕ್. ಒಬ್ಬಳೇ ನಿಂತಿದ್ದ ನನ್ನನ್ನು ನೋಡಿ ಅವಳ ಮುಖ ಸಣ್ಣದಾಯಿತು. "ಅಮ್ಮ ಎಲ್ಲಿ, ಮಿಸ್ ಹಿಲ್ಡಾ?" ಅಂದಳು. ಅಮ್ಮ ಮೂರು ವರ್ಷದ ಹಿಂದೆ ತೀರಿಕೊಂಡಳು ಎಂದೆ. ತಟ್ಟೆಯನ್ನು ಮೇಜಿನ ಮೇಲಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. "ನಮ್ಮ ಸಿರಿಲ್?" ಎಂದು ಕೇಳಿದಳು.

ನೀನೇ ಹೇಳು, ಏನೆನ್ನಬೇಕಿತ್ತು? ನನ್ನ ತಮ್ಮ ನನ್ನ ಮುಖ ನೋಡುವುದಿಲ್ಲ, ಮೂರು ವರ್ಷದಿಂದ ಮಾತಿಲ್ಲ, ಅದಕ್ಕೆ ಕಾರಣ ನಾನೇ, ಹೀಗೆಲ್ಲ ಬಾಗಿಲಲ್ಲಿ ನಿಂತು ಕೋಟನ್ನೂ ಬಿಚ್ಚದೆ ಹೇಳುವುದೇ? ನಮ್ಮ ಮನೆಯಲ್ಲಿ ಯಾರು ಯಾವಾಗ ಹಾಗೆ ಹೇಳಿದ್ದಾರೆ? ಅಪ್ಪನ ಅಂಗಡಿಗೆ ಬೆಂಕಿ ಬಿದ್ದಾಗಲೂ ಅಮ್ಮ ಪಕ್ಕದ ಮನೆಯವರಿಗೆ "ಸ್ವಲ್ಪ ಹೊಗೆ ಆಗಿದೆ, ತೊಂದರೆಗೆ ಕ್ಷಮಿಸಿ" ಅಂದವಳು. ಸಂಕೋಚ ಎಂಬುದು ನಮಗೆ ಎರಡನೇ ಚರ್ಮ. "ಅವನೂ ತೀರಿಕೊಂಡ" ಎಂದುಬಿಟ್ಟೆ. ಒಂದು ಸುಳ್ಳಿಗೆ ಹತ್ತು ಸುಳ್ಳು ಜೊತೆ ಬೇಕಲ್ಲ, "ಮಾರ್ಚಿನಲ್ಲಿ, ನಿದ್ದೆಯಲ್ಲೇ, ನೋವೇನೂ ಆಗಲಿಲ್ಲ" ಎಂದೂ ಸೇರಿಸಿದೆ. ಹೇಳುವಾಗ ನನಗೇ ಅಳು ಬಂತು. ಅದು ಸುಳ್ಳಿನ ಅಳುವಲ್ಲ, ಸಿರಿಲ್. ಮೂರು ವರ್ಷದಿಂದ ಅಳುವುದಕ್ಕೆ ಒಂದು ನೆವ ಹುಡುಕುತ್ತಿದ್ದೆ, ಸಿಕ್ಕಿಬಿಟ್ಟಿತು.

ಆಮೇಲಿನದನ್ನು ಕೇಳಿದರೆ ನೀನು ನಗುತ್ತೀಯ. ಸತ್ತ ಮೇಲೆ ಈ ಊರಿನಲ್ಲಿ ನಿನಗೆ ಬಂದಿರುವ ಒಳ್ಳೆಯ ಹೆಸರನ್ನು ನೋಡಬೇಕಿತ್ತು! ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಮಿಸೆಸ್ ಪ್ರೀಸ್ ಬಟ್ಟೆ ಮುಚ್ಚಿ ಇಟ್ಟುಹೋದ ಕುರಿಮಾಂಸದ ಬಾರ್ಲಿ ಸಾರು. ಮಧ್ಯಾಹ್ನ ಪಬ್ಬಿನ ಯಜಮಾನ ಬ್ಯುಫೋರ್ಡ್ ಎರಡು ಬಾಟಲಿ ಸೇಬಿನ ಸೈಡರ್ ಕಳಿಸಿದ, "ಎಂಥಾ ನಗುಮುಖದ ಮನುಷ್ಯ!" ಎಂದು ಹೇಳಿ ಕಳಿಸಿದನಂತೆ. ನಗುಮುಖ! ಕ್ರಿಕೆಟ್ ನಡೆಯುವಾಗ ರೇಡಿಯೋದ ಸದ್ದು ತಗ್ಗಿಸಿದ ಎಂದು ಇದೇ ಬ್ಯುಫೋರ್ಡ್ ಜೊತೆ ನೀನು ಒಂದಿಡೀ ವಾರ ಮುಖ ಊದಿಸಿಕೊಂಡಿದ್ದೆ. ಬಿಳಿ ಲಿಲಿ ಹೂವಿನ ಚಿತ್ರದ ಸಂತಾಪದ ಕಾರ್ಡುಗಳು ಏಳು ಬಂದಿವೆ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ್ದೇನೆ. ನಿಲ್ಲಿಸದಿದ್ದರೆ ಬಂದವರು ಏನೆಂದುಕೊಳ್ಳುತ್ತಾರೆ? ದಿನ ಕಳೆದಂತೆ ನಿಜ ಹೇಳುವುದು ಹೆಚ್ಚು ಹೆಚ್ಚು ಕಷ್ಟವಾಯಿತು. ತಿಂದ ಸಾರನ್ನು ವಾಪಸ್ ಕೊಡಲಾಗುತ್ತದೆಯೇ?

ಆದರೆ ಸಾರು, ಕಾರ್ಡು ಇವೆಲ್ಲ ಮನುಷ್ಯರ ವ್ಯವಹಾರ. ಮನುಷ್ಯರಿಗೆ ಹೇಳಿದ ಸುಳ್ಳಿಗೆ ಹೇಗೋ ಕ್ಷಮೆ ಕೇಳಬಹುದು. ಭಾನುವಾರ ಚರ್ಚಿನಿಂದ ಬಂದ ಮಿಸೆಸ್ ಪ್ರೀಸ್ ತನ್ನ ಹಳೆಯ ಕಪ್ಪು ಕೋಟಿನ ಒಳಬಟ್ಟೆಯನ್ನು ಹರಿದು ಮೂರು ಪಟ್ಟಿ ಮಾಡಿಕೊಂಡು ಬಂದಳು. ಈ ಮನೆಯ ದೊಡ್ಡ ಕಬ್ಬಿಣದ ಬೀಗದ ಕೈ ಕೇಳಿದಳು. "ಮೂರನೇ ಪೆಟ್ಗೆ ಅವನೇ ಮಾಡಿದ್ದು. ಯಜಮಾನ ಹೋದ ಸುದ್ದಿ ಅವಕ್ಕೆ ಹೇಳ್ದಿದ್ರೆ ಮುನಿಸ್ಕೊಂಡು ಬಿಟ್ಟೋಗ್ತವೆ, ಇಲ್ಲಾಂದ್ರೆ ಸಾಯ್ತವೆ" ಅಂದಳು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವಳ ಹಿಂದೆ ಹೋಗಿ ಉದುರಿದ ಸೇಬುಗಳ ನಡುವೆ ನಿಂತೆ.

ಒಳ್ಳೆಯ ಬಿಸಿಲಿತ್ತು. ಬೇಲಿಯ ಐವಿ ಬಳ್ಳಿಯ ಹೂವಿನ ಮೇಲೆಲ್ಲ ಜೇನು ಮುತ್ತಿತ್ತು. ಅವಳು ಒಂದೊಂದು ಪೆಟ್ಟಿಗೆಗೂ ಬೀಗದ ಕೈಯಿಂದ ಮೂರು ಸಲ ಮೆತ್ತಗೆ ಬಡಿದು, ನಮ್ಮ ಪಾದ್ರಿಗೂ ಬಾರದ ಗಂಭೀರ ದನಿಯಲ್ಲಿ ಹೇಳಿದಳು: "ಜೇನಮ್ಮಗಳಿರಾ, ಕೇಳಿ. ನಿಮ್ಮ ಸಿರಿಲ್ ಟಾಲ್ಬಿ ಸತ್ತೋದ. ನೀವು ಬಿಟ್ಟೋಗ್ಬೇಡಿ. ಇನ್ಮೇಲೆ ನಾನೇ ನೋಡ್ಕೋತೀನಿ." ಒಂದೊಂದಕ್ಕೂ ಕಪ್ಪು ಪಟ್ಟಿ ಕಟ್ಟಿದಳು, ಕೇಕಿನ ಚೂರನ್ನು ಸೈಡರಿನಲ್ಲಿ ಅದ್ದಿ ಬಾಗಿಲಲ್ಲಿಟ್ಟಳು. ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳಿದಳು. ನನ್ನನ್ನೂ ಕೇಳಿಸಿಕೊಳ್ಳಲು ಕರೆದಳು. ಒಳಗಿನಿಂದ ಒಂದೇ ಹದದ ಸಣ್ಣ ಗುಂಯ್‌ಗುಡಿತ. ಸಿಟ್ಟಿಲ್ಲ, ಗಾಬರಿಯಿಲ್ಲ. ಮಗು ಮಲಗಿಸುವವರು ಬಾಯಿ ಮುಚ್ಚಿಕೊಂಡು ಹಾಡುತ್ತಾರಲ್ಲ, ಹಾಗೆ. ಮಿಸೆಸ್ ಪ್ರೀಸ್ ನೆಟ್ಟಗಾಗಿ ನನ್ನ ಕಡೆ ನೋಡಿ, "ಇವಕ್ಕೆ ಆಗ್ಲೇ ಗೊತ್ತಿತ್ತು ಕಣಮ್ಮಾ" ಅಂದಳು.

ನನಗೆ ನಗು ಬಂದಂತಾಯಿತು. ಏನು ಗೊತ್ತಿತ್ತು ಎಂದೆ. ಅವಳು ಬೀಗದ ಕೈಯನ್ನು ಏಪ್ರನ್ನಿಗೆ ಒರೆಸುತ್ತಾ ಹೇಳಿದಳು. "ಮಾರ್ಚಲ್ಲಿ ಅಂದ್ರಲ್ಲ? ತಾರೀಕು ನೀವು ಹೇಳ್ಬೇಡಿ, ನಾನೇ ಹೇಳ್ತೀನಿ. ಹದ್ನಾಲ್ಕು, ಮಂಗಳವಾರ. ಬಟ್ಟೆ ಹರವ್ತಿದ್ದೆ. ಆ ಚಳೀಲಿ ಒಂದು ಹುಳ ಹೊರಗೆ ಮೂತಿ ಹಾಕೋ ಕಾಲ ಅಲ್ಲ. ಮೂರನೇ ಪೆಟ್ಗೆಯಿಂದ ಅಷ್ಟೂ ಹೊರಗೆ ಬಂದು ಅದರ ಮೇಲೇ ಕೂತಿದ್ವು. ಹಾರ್ಲಿಲ್ಲ, ಸದ್ದಿಲ್ಲ. ಅರ್ಧ ಗಂಟೆ ಇದ್ದು ಒಳಗೆ ಹೋದ್ವು. ಯಾರೋ ನಮ್ಮೋರು ಹೋದ್ರು ಅಂತ ಆವತ್ತೇ ಅಂದ್ಕೊಂಡೆ. ಯಾರು ಅಂತ ತಿಳೀಲಿಲ್ಲ. ಈಗ ತಿಳೀತು."

ಸಿರಿಲ್, ಮಾರ್ಚ್ ಎಂಬುದು ನನ್ನ ಬಾಯಿಗೆ ಸುಮ್ಮನೆ ಬಂದ ತಿಂಗಳು. ಜೂನ್ ಎನ್ನಬಹುದಿತ್ತು, ನವೆಂಬರ್ ಎನ್ನಬಹುದಿತ್ತು. ಯಾಕೆ ಮಾರ್ಚ್ ಬಂತು? ನೀನು ಬದುಕಿದ್ದೀಯ ಎಂದು ನನಗೆ ಹೇಗೆ ಗೊತ್ತು? ಯಾರು ಹೇಳಿದ್ದಾರೆ? ಕಾರ್ಡಿಲ್ಲ, ಕಾಗದವಿಲ್ಲ, ಮದುವೆಯಾಗದವನು, ಒಬ್ಬನೇ ಇರುವವನು. ನಿನಗೇನಾದರೂ ಆದರೆ ನನಗೆ ತಿಳಿಸುವುದು ಯಾರ ಕೆಲಸ? ಸುಳ್ಳು ಹೇಳಿದೆನೆಂದು ನಾಚಿಕೆಪಡುತ್ತಿದ್ದವಳಿಗೆ, ಅದು ಸುಳ್ಳೇ ಆಗಿರಲಿ ದೇವರೇ ಎಂದು ಬೇಡಿಕೊಳ್ಳುವ ಗತಿ ಬಂತು.

ಅಂದಿನಿಂದ ದಿನಕ್ಕೆ ಮೂರು ಸಲ ಊರ ನಡುವಿನ ಹುಲ್ಲುಮೈದಾನದ ಮೂಲೆಯ ಕೆಂಪು ಫೋನ್ ಗೂಡಿಗೆ ಹೋಗಿ ನಿನ್ನ ನಂಬರು ತಿರುಗಿಸುತ್ತಿದ್ದೇನೆ. ಬೆಳಿಗ್ಗೆ ನೀನು ಗಂಜಿ ಕುಡಿಯುವ ಹೊತ್ತಿಗೆ, ಮಧ್ಯಾಹ್ನ ಸುದ್ದಿಯ ಹೊತ್ತಿಗೆ, ಸಂಜೆ ಐದಕ್ಕೆ. ಗಂಟೆ ಹೊಡೆಯುತ್ತದೆ, ಹೊಡೆಯುತ್ತಲೇ ಇರುತ್ತದೆ, ಯಾರೂ ಎತ್ತುವುದಿಲ್ಲ. ನಿನ್ನ ಮನೆಯನ್ನು ನಾನು ನೋಡಿಯೇ ಇಲ್ಲ. ಫೋನು ಎಲ್ಲಿದೆ, ಮೆಟ್ಟಿಲ ಕೆಳಗೋ, ಅಡುಗೆಮನೆಯಲ್ಲೋ, ಅದು ಹೊಡೆದುಕೊಳ್ಳುವಾಗ ಪಕ್ಕದಲ್ಲಿ ಏನಿರುತ್ತದೆ, ಯಾವುದೂ ಗೊತ್ತಿಲ್ಲದ ಅಕ್ಕ ನಾನು. ನೀನು ಊರಿನಲ್ಲಿ ಇಲ್ಲದಿರಬಹುದು. ನಾನೇ ಇರಬಹುದೆಂದು ಎತ್ತದಿರಬಹುದು. ಎರಡನೆಯದೇ ಆಗಿರಲಿ ಎಂದು ಹಾರೈಸುತ್ತೇನೆ.

ಮನೆಯಲ್ಲಿ ಸಣ್ಣಪುಟ್ಟ ಸಂಗತಿಗಳು ಆಗುತ್ತಿವೆ. ದೊಡ್ಡದೇನಲ್ಲ. ಬರೆದರೆ ಅರವತ್ತಾರಕ್ಕೇ ಅರಳುಮರಳು ಎನ್ನುತ್ತೀಯ. ಮಂಗಳವಾರ ಬೆಳಿಗ್ಗೆ ಕೈ ಅಭ್ಯಾಸಬಲದಿಂದ ಎರಡು ಬಟ್ಟಲು ಇಟ್ಟೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಹಾಲು ತಂದು ಬರುವಷ್ಟರಲ್ಲಿ ಎರಡನೇ ಬಟ್ಟಲ ಅಂಚಿನಲ್ಲಿ ಒಂದು ಜೇನುನೊಣ ಕೂತಿತ್ತು. ಓಡಿಸಿದರೆ ಹೋಗಲಿಲ್ಲ. ಚಹಾ ಆರುವ ತನಕ ಇದ್ದು ಮೆಟ್ಟಿಲಿನ ಮೇಲೆ, ನಿನ್ನ ಕೋಣೆಯ ಕಡೆಗೆ ಹಾರಿತು. ಹೋಗಿ ನೋಡಿದೆ. ನಿನ್ನ ಕೋಣೆಯ ಕಿಟಕಿಯ ಗಾಜಿನ ಮೇಲೆ ಇಪ್ಪತ್ತು ಮೂವತ್ತು ಕೂತಿವೆ, ಹೊರಗಿನಿಂದಲ್ಲ, ಒಳಗಿನಿಂದ. ಕಿಟಕಿ ತೆರೆದೆ, ಒಂದೂ ಹೊರಡಲಿಲ್ಲ. ಬುಧವಾರ ಫೋನ್ ಮಾಡಿ ಬಂದವಳು ಬಾಗಿಲಲ್ಲಿ ನಿಂತುಬಿಟ್ಟೆ. ನಿನ್ನ ಬೂಟುಗಳ ಮೂತಿ ಮನೆಯ ಒಳಗಡೆಗೆ ತಿರುಗಿತ್ತು. ಮಿಸೆಸ್ ಪ್ರೀಸ್‌ಳನ್ನು ಕೇಳಿದೆ. "ನಾನ್ಯಾಕೆ ಮುಟ್ಲಿ ಅವನ ಬೂಟು?" ಅಂದಳು. ನಾನೇ ಕಸ ಗುಡಿಸುವಾಗ ಸರಿಸಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಬುಧವಾರ ನಾನು ಕಸ ಗುಡಿಸಿರಲಿಲ್ಲ.

ಹೆದರಿಕೆಯಾಯಿತೇ ಎಂದು ಕೇಳುತ್ತೀಯ. ಆಯಿತು. ಹೆದರಿಕೆಯಾದಾಗ ನಾನು ಏನು ಮಾಡುತ್ತೇನೆ ನಿನಗೆ ಗೊತ್ತು, ಕಪಾಟು ಜೋಡಿಸುತ್ತೇನೆ. ಅಡುಗೆಮನೆಯ ಖಾನೆಯಿಂದ ಪಾತ್ರೆ ಒರೆಸುವ ಬಟ್ಟೆಗಳನ್ನೆಲ್ಲ ತೆಗೆದು ಮಡಿಸಲು ಕೂತೆ. ಅಪ್ಪನ ಬಟ್ಟೆ ಅಂಗಡಿಯ ಮಡಿಕೆ ನನಗೆ ಕೊನೆಗೂ ಬರಲಿಲ್ಲ ನೋಡು. ಉದ್ದಕ್ಕೆ ಮೂರು ಪದರ, ಅಡ್ಡಕ್ಕೆ ಎರಡು, ಬಾಲವನ್ನು ಲಕೋಟೆಯ ಹಾಗೆ ಒಳಗೆ ಸಿಕ್ಕಿಸಬೇಕು. ಅಪ್ಪ ಬಲದಿಂದ ಸಿಕ್ಕಿಸುತ್ತಿದ್ದ. ಎಡಗೈಯವನಾದ ನೀನು ಎಡದಿಂದ ಸಿಕ್ಕಿಸುತ್ತಿದ್ದೆ, ಅದಕ್ಕೆ ಅಪ್ಪ "ಇದು ಸಿರಿಲ್ ಕಟ್ಟು" ಎಂದು ದೂರದಿಂದಲೇ ಹೇಳುತ್ತಿದ್ದ. ಅಂಗಡಿ ಮುಚ್ಚಿ ಹತ್ತು ವರ್ಷವಾದ ಮೇಲೂ ನೀನು ಕರವಸ್ತ್ರ, ವೃತ್ತಪತ್ರಿಕೆ, ಬಸ್ಸಿನ ಟಿಕೆಟು ಎಲ್ಲವನ್ನೂ ಹಾಗೇ ಮಡಿಸಿದವನು. ಭೂಮಿಯ ಮೇಲೆ ಇನ್ನೊಬ್ಬರಿಗೆ ಬರುವುದಿಲ್ಲ ಆ ಮಡಿಕೆ. ಹತ್ತು ಸಲ ಪ್ರಯತ್ನಿಸಿ, ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ.

ಅಮ್ಮನ ವಿಷಯ ಈಗಲಾದರೂ ಬರೆಯುತ್ತೇನೆ. ನೀನು ಅಂದು ಕೇಳಿಸಿಕೊಳ್ಳಲಿಲ್ಲ, ನಾನೂ ಸರಿಯಾಗಿ ಹೇಳಲಿಲ್ಲ. ನೀನು ಸ್ಕಾಟ್‌ಲ್ಯಾಂಡಿನ ಬೆಟ್ಟಗಳಿಗೆ ಹೋಗಿದ್ದೆ. ಮಂಗಳವಾರ ಅಮ್ಮನಿಗೆ ಉಸಿರಾಟ ಕಷ್ಟವಾಯಿತು. ನಿನಗೆ ಸುದ್ದಿ ಕಳಿಸುತ್ತೇನೆ ಎಂದೆ. "ಬೇಡ ಹಿಲ್ಡಾ, ವರ್ಷಕ್ಕೊಂದ್ಸಲ ಹೋಗಿದಾನೆ, ಅವನ ರಜೆ ಹಾಳು ಮಾಡ್ಬೇಡ" ಅಂದಳು. ನೀನು ಇಳಿದುಕೊಂಡ ಮನೆಯ ಫೋನ್ ನಂಬರು ಗಡಿಯಾರದ ಹಿಂದೆ ಸಿಕ್ಕಿಸಿತ್ತು. ಮೂರು ದಿನ ಆ ಚೀಟಿಯನ್ನು ನೋಡಿದೆ, ಎತ್ತಿಕೊಳ್ಳಲಿಲ್ಲ. ಗುರುವಾರ ಅಮ್ಮ ಹೋದಳು. ಆಗಲೂ ಫೋನ್ ಮಾಡಲಿಲ್ಲ, ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಶನಿವಾರ ನೀನು ಅಮ್ಮನಿಗೆಂದು ಬೆಣ್ಣೆ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಅವಳು ಸತ್ತಿದ್ದನ್ನೂ ನನಗೆ ಹೇಳ್ಲಿಲ್ವಲ್ಲ, ಹಿಲ್ಡಿ" ಅಂದೆ. ಅದೇ ನಿನ್ನ ಕೊನೆಯ ಮಾತು. ಅಮ್ಮ ಬೇಡವೆಂದಳು ಎಂಬುದು ನಿಜ. ಆದರೆ ಅಮ್ಮನ ಮಾತಿನ ಮರೆಯಲ್ಲಿ ನಿಂತದ್ದು ನನ್ನ ಪುಕ್ಕಲುತನ. ಆ ಡಬ್ಬಿ ಇನ್ನೂ ನನ್ನ ಬಳಿ ಇದೆ, ತೆರೆದಿಲ್ಲ. ಆದ ಸಾವನ್ನು ನಿನಗೆ ಹೇಳಲಿಲ್ಲ, ಆಗದ ಸಾವನ್ನು ಜೇನಿಗೆ ಹೇಳಿಸಿದೆ. ಎರಡೂ ಒಂದೇ ರೋಗ.

ನಿನ್ನೆ ಮಧ್ಯಾಹ್ನ ಧೈರ್ಯ ಮಾಡಿ ಮಿಸೆಸ್ ಪ್ರೀಸ್ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾಳೆ, ಸಾರಿನ ಪಾತ್ರೆ ವಾಪಸ್ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಸುಲಿಯುತ್ತಿದ್ದ ಸೇಬನ್ನು ಕೆಳಗಿಟ್ಟು ಬೆಳ್ಳಗಾದಳು. "ನನ್ನ ಬಾಯಲ್ಲಿ ಅವಕ್ಕೆ ಸುಳ್ಳು ಹೇಳಿಸ್ಬಿಟ್ರಲ್ಲ, ಮಿಸ್ ಹಿಲ್ಡಾ" ಅಂದಳು. ಹೋಗಿ ಇನ್ನೊಮ್ಮೆ ನಿಜ ಹೇಳಿದರಾಯಿತಲ್ಲ ಎಂದೆ. ತಲೆಯಾಡಿಸಿದಳು. ಮೊದಲ ಮಹಾಯುದ್ಧದಲ್ಲಿ ಅವಳ ಚಿಕ್ಕಪ್ಪ ಆ್ಯಂಬ್ರೋಸ್ ಸತ್ತನೆಂದು ತಪ್ಪು ತಂತಿ ಬಂದಿತ್ತಂತೆ. ಮನೆಯವರು ಜೇನಿಗೆ ಹೇಳಿ ಕಪ್ಪು ಕಟ್ಟಿದರು. ಎಂಟು ತಿಂಗಳಿಗೆ ಆಸಾಮಿ ಗಟ್ಟಿಮುಟ್ಟಾಗಿ ನಡೆದುಕೊಂಡು ಬಂದ. "ಹೋಗಿ ನಿನ್ನ ಹೆಸರು ನೀನೇ ಹೇಳಿ ಬಾರೋ ಅಂತ ಅಜ್ಜಿ ಕಾಲಿಗೆ ಬಿದ್ಲು. ನೊಣದ ಮುಂದೆ ಹಾಜರಿ ಹಾಕ್ಬೇಕಾ ಅಂತ ನಕ್ಕ. ಮುಂದಿನ ಸೇಬಿನ ಕಾಲಕ್ಕೆ ಅವನಿರ್ಲಿಲ್ಲ. ಒಂದ್ಸಲ ಹೇಳಿದ್ದನ್ನ ಹೇಳಿದೋರು ತಿರುಗಿಸೋಕಾಗಲ್ಲ. ಯಾರು ಸತ್ತ ಅಂತ ಹೇಳ್ತೀವೋ ಅವನೇ ಬಂದು ಇದೀನಿ ಅನ್ಬೇಕು." ಕಪ್ಪು ಪಟ್ಟಿಯನ್ನು ಬಿಚ್ಚಲೂ ಅವಳು ಒಪ್ಪಲಿಲ್ಲ. "ಅವನೇ ಬಿಚ್ಲಿ" ಅಂದಳು.

ಇದೆಲ್ಲ ಹಳ್ಳಿಯ ಕಂತೆಪುರಾಣ ಎನ್ನುತ್ತೀಯ. ನಾನೂ ಕಿಡ್ಡರ್‌ಮಿನ್‌ಸ್ಟರಿನಲ್ಲಿ ಕೂತಿದ್ದರೆ ಹಾಗೇ ಅನ್ನುತ್ತಿದ್ದೆ. ಆದರೆ ಸಿರಿಲ್, ನಿನ್ನ ಕೋಣೆಯ ಕಿಟಕಿಯ ಜೇನು ಇನ್ನೂ ಹೋಗಿಲ್ಲ. ಅದಕ್ಕೇ ಬೇಡುತ್ತೇನೆ: ಬಾ. ನನ್ನನ್ನು ಕ್ಷಮಿಸಬೇಕಾಗಿಲ್ಲ, ನನ್ನ ಜೊತೆ ಚಹಾ ಕುಡಿಯಬೇಕಾಗಿಲ್ಲ. ತೋಟದ ಹಿಂಬಾಗಿಲಿನಿಂದ ಬಂದು, ಮೂರನೇ ಪೆಟ್ಟಿಗೆಯ ಮುಂದೆ ನಿಂತು, ನಾನು ಸಿರಿಲ್ ಟಾಲ್ಬಿ, ಇದ್ದೇನೆ ಎಂದು ಹೇಳಿ, ಆ ಕಪ್ಪು ಬಟ್ಟೆ ಬಿಚ್ಚಿ ಹಾಗೇ ಹೋಗು. ಮುಂದಿನ ವಾರದ ಬಾಡಿಗೆಯವರು ಬರುತ್ತಿಲ್ಲವಂತೆ, ಮನೆಯನ್ನು ನಾನೇ ಇನ್ನೊಂದು ವಾರಕ್ಕೆ ಹಿಡಿದಿದ್ದೇನೆ. ಬರಲಾಗದಿದ್ದರೆ ಮಿಸೆಸ್ ಪ್ರೀಸ್ ಮನೆಗೆ ಫೋನ್ ಮಾಡು, ನಂಬರನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಬೈಯುವುದಕ್ಕಾದರೂ ಮಾಡು. ನಿನ್ನ ಬೈಗುಳ ಕೇಳಿದ ದಿನ ನಾನು ಬ್ಯುಫೋರ್ಡನ ಸೈಡರ್ ಎರಡೂ ಬಾಟಲಿ ಒಬ್ಬಳೇ ಕುಡಿಯುತ್ತೇನೆ.

ಮಿಸೆಸ್ ಪ್ರೀಸ್ ಬೆಳಗಿನ ಬಸ್ಸಿಗೇ ಲೆಮ್‌ಸ್ಟರಿನ ಸಂತೆಗೆ ಹೋಗಿದ್ದಾಳೆ, ಆರು ಗಂಟೆಗೆ ಬರುತ್ತಾಳೆ. ಊರಿನವರೂ ಮುಕ್ಕಾಲು ಪಾಲು ಅಲ್ಲೇ. ಅಂಚೆಯವನು ನಾಲ್ಕೂವರೆಗೆ ಡಬ್ಬಿ ತೆಗೆಯುತ್ತಾನೆ, ಈಗ ನಾಲ್ಕು. ಇಲ್ಲಿಗೆ ನಿಲ್ಲಿಸುತ್ತೇನೆ. ಮೈ ಬೆಚ್ಚಗಿಟ್ಟುಕೋ. ದೇವರು ನಿನ್ನನ್ನು ಕಾಪಾಡಲಿ, ಕಾಪಾಡಿರಲಿ.

ನಿನ್ನನ್ನು ಒಂದು ದಿನವೂ ಮರೆಯದ ಅಕ್ಕ,
ಹಿಲ್ಡಾ

ತಾ.ಕ.: ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಅಂಚೆಗೆಂದು ಹೊರಟಾಗ ಬಾಗಿಲ ಪಕ್ಕ ನಿನ್ನ ಬೂಟುಗಳಿರಲಿಲ್ಲ. ತೋಟಕ್ಕೆ ಓಡಿದೆ. ಮೂರು ಪೆಟ್ಟಿಗೆಯ ಕಪ್ಪು ಪಟ್ಟಿಗಳನ್ನೂ ಯಾರೋ ಬಿಚ್ಚಿದ್ದಾರೆ. ಮೂರನೆಯದರ ಮೇಲೆ, ಆ ಚಪ್ಪಟೆ ಕಲ್ಲಿನ ಕೆಳಗೆ ಇಟ್ಟಿದ್ದಾರೆ, ಮಡಿಸಿ. ಉದ್ದಕ್ಕೆ ಮೂರು, ಅಡ್ಡಕ್ಕೆ ಎರಡು, ಬಾಲ ಒಳಗೆ, ಎಡದಿಂದ. ಸುತ್ತ ಯಾರೂ ಇಲ್ಲ. ಪೆಟ್ಟಿಗೆಯೊಳಗೆ ಒಂದು ಸದ್ದೂ ಇಲ್ಲ. ಇದು ನಮ್ಮ ವಾರ, ನಿನಗೂ ನೆನಪಾಗಿ ಸುಮ್ಮನೆ ಬಂದಿರಬಹುದು ಅಲ್ಲವೇ? ಬಂದು ನನ್ನನ್ನು ಕಂಡು ಮರದ ಹಿಂದೆ ನಿಂತಿರಬಹುದು ಅಲ್ಲವೇ? ಎರಡು ಸಲ ಕೂಗಿದೆ. ಸ್ಕಾರ್‌ಬರೋಗೆ ನಾಳೆ ಇನ್ನೊಂದು ಪ್ರತಿ ಬರೆದು ಹಾಕುತ್ತೇನೆ. ಇದನ್ನು ಆ ಕಲ್ಲಿನ ಕೆಳಗೇ ಇಟ್ಟು ಬರುತ್ತೇನೆ. ಸಿರಿಲ್, ಅಲ್ಲಿರುವುದು ನೀನಾಗಿದ್ದರೆ ಒಳಗೆ ಬಾ. ನೀನು ಹೇಗಾಗಿದ್ದರೂ ಸರಿ, ಬಾ. ನೀರು ಒಲೆಯ ಮೇಲಿದೆ, ಬಾಗಿಲಿಗೆ ಚಿಲಕ ಹಾಕಿಲ್ಲ. ತಲೆ ಬಗ್ಗಿಸಿಕೊಂಡು ಬಾ, ತೊಲೆ ಇದೆ.